ಗುಲಾಬಿಗೆ ಉಪ್ಪು ಉಣಿಸಿದ್ದು

ರಾಯಚೂರಿನಲ್ಲಿ ಯಾವ ತಪ್ಪನ್ನಾದರೂ ಬಿಸಿಲಿನ ಮೇಲೆ ಹಾಕಬಹುದು. ಹಾಲು ಒಡೆದರೂ ಬಿಸಿಲು, ಕೈಸಾಲ ವಾಪಸ್ ಬರದಿದ್ದರೂ ಬಿಸಿಲು. ನಮ್ಮ ಮನೆ ಮುಂದಿನ ನಾಲ್ಕು ಗುಲಾಬಿ ಕುಂಡ ಸೊರಗಿದಾಗ ನಾನೂ ಬಿಸಿಲನ್ನೇ ಬೈದೆ. ಆದರೆ ಅದು ಡಿಸೆಂಬರ್.

ಎಲೆಯ ಅಂಚೆಲ್ಲ ಸೀದ ಹಪ್ಪಳದ ಹಾಗೆ ಕಂದು. ಚಿಗುರು ಬೆರಳುದ್ದ ಬಂದು ನಿಲ್ಲುತ್ತಿತ್ತು. ಮೊಗ್ಗು ಅರಳುವ ಮೊದಲೇ ತಲೆ ಬಗ್ಗಿಸುತ್ತಿತ್ತು.

ಪಕ್ಕದ ಮನೆ ಅಕ್ಕಾರು ‘ದೃಷ್ಟಿ ಆಗೇದ್ರಿ’ ಅಂದು ಒಂದು ಕುಂಡಕ್ಕೆ ಮೆಣಸಿನಕಾಯಿ ಕಟ್ಟಿ ಹೋದರು. ಸಿಂಧನೂರಿನ ಕಡೆ ಭತ್ತ ಬೆಳೆಯುವ ಮಾವನವರು ಏನಿದ್ದರೂ ಎಕರೆ ಲೆಕ್ಕದಲ್ಲಿ ಯೋಚಿಸುವವರು. ‘ಒಂದೊಂದು ಮುಷ್ಟಿ ಡಿಎಪಿ ಗೊಬ್ಬರ ಒಗೀರಿ’ ಅಂದರು. ಒಗೆದೆ. ಎರಡು ವಾರದಲ್ಲಿ ಉಳಿದ ಎಲೆಯೂ ಉದುರಿತು.

ನೀರಿನ ಬಗ್ಗೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಯಾಕಂದ್ರೆ ಅದು ನನ್ನ ಹೆಮ್ಮೆಯ ಯೋಜನೆ. ನಮ್ಮದು ಬೋರ್‌ವೆಲ್, ಸವಳು ನೀರು. ಆರ್‌ಒ ಮಷೀನ್ ಒಂದು ಲೀಟರ್ ಕುಡಿಯೋ ನೀರು ಕೊಡುವಷ್ಟರಲ್ಲಿ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ಅಷ್ಟು ನೀರು ಸುಮ್ನೆ ಮೋರಿಗೆ ಹೋಗೋದು ನೋಡಿ ಹೊಟ್ಟೆ ಉರಿದು, ಪೈಪನ್ನು ಕಿಟಕಿಯಿಂದ ಕುಂಡಗಳಿಗೆ ಎಳೆದಿದ್ದೆ. ಬಂದ ನೆಂಟರಿಗೆಲ್ಲ ತೋರಿಸಿದ್ದೂ ಆಗಿತ್ತು.

ಕೊನೆಗೆ ಗಿಡ ಮಾರುವ ಮುದುಕ ಬಂದ. ಎಲೆ ಮುಟ್ಟಲಿಲ್ಲ. ಮಣ್ಣಿನ ಮೇಲೆ ಸುಣ್ಣ ಬಳಿದಂತಿದ್ದ ಬಿಳಿ ಪೊರೆಯನ್ನು ಉಗುರಿನಿಂದ ಕೆರೆದು ನನ್ನ ಮುಂದೆ ಹಿಡಿದ.

‘ನಾಲಿಗಿಗೆ ಹಚ್ಚಿ ನೋಡ್ರಿ ಸರ.’

ಹಚ್ಚಿದೆ. ಒಂದು ದಿನದ ಸಾರಿಗೆ ಸಾಕಾಗುವಷ್ಟು ಉಪ್ಪು! ಮಷೀನು ನಮ್ಮ ನೀರಿನಿಂದ ತೆಗೆದ ಉಪ್ಪನ್ನೆಲ್ಲ ನಾನು ಎಂಟು ತಿಂಗಳಿಂದ ಗುಲಾಬಿಗೆ ಉಣಿಸಿದ್ದೆ. ಉಪ್ಪು ಜಾಸ್ತಿಯಾದ ಮಣ್ಣಿನಲ್ಲಿ ನೀರಿದ್ದರೂ ಬೇರಿಗೆ ಹೀರೋಕೆ ಆಗೋದಿಲ್ಲ. ಮೇಲೆ ಮಾವನವರ ಡಿಎಪಿ ಬೇರೆ. ಅದೂ ಒಂಥರ ಉಪ್ಪೇ ಅಲ್ವಾ?

ನಲ್ಲಿ ನೀರು ಬಂದ ದಿನ ಪೊರೆ ಕೆರೆದು ತೆಗೆದೆ. ಕುಂಡದ ತಳದ ತೂತಿನಿಂದ ಹರಿದು ಹೋಗುವ ಹಾಗೆ ಮೂರು ಸಲ ನೀರು ತುಂಬಿಸಿದೆ. ಒಂದು ಗಿಡ ಹೋಯಿತು. ಪೈಪು ಈಗ ಬಚ್ಚಲಿನ ಬಕೆಟ್ಟಿಗೆ ಬೀಳುತ್ತದೆ. ನೆಲ ಒರೆಸೋಕೆ ಆ ನೀರು ನಡೆಯುತ್ತದಂತೆ. ಒರೆಸುವ ಕೆಲಸವೂ ನನಗೇ ಬಂದಿದೆ.

ಮೊನ್ನೆ ಮೂರು ಗಿಡದಲ್ಲೂ ಕೆಂಪು ಚಿಗುರು ಬಂತು. ಅಕ್ಕಾರು ಗೇಟಿನಿಂದಲೇ ನೋಡಿ, ‘ನಾ ಹೇಳಿರಲಿಲ್ಲೇನ್ರಿ?’ ಅಂದು ಹೊಸ ಮೆಣಸಿನಕಾಯಿ ತರಲು ಒಳಗೆ ಹೋದರು.