ಮಡಿಲಲ್ಲಿ ಮಗುವಿಲ್ಲದ ವಿಮರ್ಶೆ

ಶುಕ್ರವಾರ ಬಿಡುಗಡೆ, ಶನಿವಾರ ವಿಮರ್ಶೆ, ಭಾನುವಾರ ಮಕ್ಕಳ ಹಟ. ವಾರದ ಕೊನೆ ನಮ್ಮ ಮನೆಗಳಲ್ಲಿ ಹೀಗೇ ಸಾಗುತ್ತದೆ. ಅದರಲ್ಲೂ ಅನಿಮೇಷನ್ ಸಿನಿಮಾ ಬಂತು ಅಂದರೆ ಹಟದ ಜೊತೆಗೆ ಮಂಡ್ಯದಿಂದ ನನ್ನ ತಂಗಿಯ ಫೋನೂ ಬರುತ್ತದೆ. ಅವಳ ಮಗಳಿಗೆ ಐದು ವರ್ಷ. ಆ ಮಗುವನ್ನು ಎತ್ತಿಕೊಂಡು ಮೈಸೂರಿಗೆ ಬರಬೇಕೆಂದರೆ ರೈಲೋ ಬಸ್ಸೋ ಹಿಡಿಯಬೇಕು, ತಿಂಡಿ ಕಟ್ಟಬೇಕು, ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಳ್ಳಬೇಕು. ಇಷ್ಟೆಲ್ಲ ಮಾಡುವ ಮೊದಲು ಸಿನಿಮಾ ಹೇಗಿದೆ ಅಂತ ಗೊತ್ತಾಗಬೇಕಲ್ವಾ? "ಪೇಪರ್ ಓದೋಳು ನೀನು, ಹೇಳೇ ಅಕ್ಕ" ಅನ್ನುತ್ತಾಳೆ.

ನಾನು ವಿಮರ್ಶೆ ಓದಿ ಹೇಳುತ್ತೇನೆ. ಬಣ್ಣಗಳು ಕಣ್ಣಿಗೆ ಹಬ್ಬವಂತೆ. ಹಿನ್ನೆಲೆ ಸಂಗೀತ ಚೆನ್ನಾಗಿದೆಯಂತೆ. ಎರಡನೇ ಅರ್ಧ ಸ್ವಲ್ಪ ಎಳೆದಿದ್ದಾರಂತೆ. ಮನೆಮಂದಿಯೆಲ್ಲ ಕೂತು ನೋಡಬಹುದಂತೆ. ಐದಕ್ಕೆ ಮೂರೂವರೆ ಸ್ಟಾರ್.

ಅವಳು ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಇರಲಿ, ಯಾರಾದ್ರೂ ಸಾಯ್ತಾರಾ?" ಅನ್ನುತ್ತಾಳೆ.

ಮೂರೂವರೆ ಸ್ಟಾರ್ ಕೊಟ್ಟವರು ಇದಕ್ಕೆ ಉತ್ತರ ಬರೆದಿರುವುದಿಲ್ಲ. ಬರೆದರೆ ಕತೆ ಬಿಟ್ಟುಕೊಟ್ಟಂತೆ ಆಗುತ್ತದೆ ಅನ್ನುವುದು ಅವರ ನ್ಯಾಯ. ಆದರೆ ತಾಯಂದಿರಿಗೆ ಬೇಕಾಗಿರುವುದು ಅದೇ. ಯಾಕೆಂದರೆ ಮನೆಮಂದಿಯೆಲ್ಲ ನೋಡುವ ಈ ಸಿನಿಮಾಗಳಲ್ಲಿ ಮೊದಲು ಕಡಿಮೆಯಾಗುವುದೇ ಮನೆಯ ಒಬ್ಬರು. 1942ರ 'ಬ್ಯಾಂಬಿ'ಯಲ್ಲಿ ಜಿಂಕೆಮರಿಯ ತಾಯಿ ಬೇಟೆಗಾರನ ಗುಂಡಿಗೆ ಹೋಗುತ್ತಾಳೆ. 1994ರ 'ದಿ ಲಯನ್ ಕಿಂಗ್'ನಲ್ಲಿ ಸಿಂಹದಮರಿಯ ಅಪ್ಪ ಹೋಗುತ್ತಾನೆ, ಅದೂ ಸ್ವಂತ ತಮ್ಮನ ಕೈಯಿಂದ. 2003ರ 'ಫೈಂಡಿಂಗ್ ನೀಮೋ'ದಲ್ಲಿ ಪಾಪ್‌ಕಾರ್ನ್ ಪೊಟ್ಟಣ ಬಿಚ್ಚುವಷ್ಟರಲ್ಲಿ ಅಮ್ಮ ಮೀನೂ ಇಲ್ಲ, ಒಂದು ಬಿಟ್ಟು ಉಳಿದ ಮೊಟ್ಟೆಗಳೂ ಇಲ್ಲ. 2009ರ 'ಅಪ್' ಇನ್ನೂ ಮೇಲು. ಇಬ್ಬರು ಮಕ್ಕಳು ಸ್ನೇಹ ಮಾಡಿಕೊಂಡು, ಬೆಳೆದು, ಮದುವೆಯಾಗಿ, ಮುದುಕರಾಗಿ, ಹೆಂಡತಿ ತೀರಿಕೊಳ್ಳುವವರೆಗಿನ ಒಂದು ಇಡೀ ಬಾಳನ್ನು ಶುರುವಿನಲ್ಲೇ ತೋರಿಸಿ ಮುಗಿಸುತ್ತಾರೆ. 'ಫ್ರೋಜನ್'ನಲ್ಲಿ ಅಪ್ಪ ಅಮ್ಮ ಇಬ್ಬರೂ ಹಡಗಿನ ಸಮೇತ ಮುಳುಗುತ್ತಾರೆ. ಆಮೇಲೆ ಹಾಡು.

ಹಾಗಂತ ನಾನು ದೂರುತ್ತಿಲ್ಲ. ನಮ್ಮ ಕಡೆ ಮಗುವಿಗೆ ಮೊದಲು ಹೇಳಿಕೊಡುವ ಕತೆ ಯಾವುದು? ಪುಣ್ಯಕೋಟಿ. ತಾಯಿ ಹಸು ಹುಲಿಯ ಬಾಯಿಗೆ ಹೋಗುವ ಮುಂಚೆ ಕರುವಿಗೆ ಕೊನೆಯ ಸಲ ಹಾಲು ಕುಡಿಸಿ, ಬೇರೆ ಹಸುಗಳಿಗೆ 'ಈ ತಬ್ಬಲಿಯನ್ನು ನೋಡಿಕೊಳ್ಳಿ' ಅಂತ ಒಪ್ಪಿಸಿ ಹೋಗುವ ಕತೆ. ಅಜ್ಜಿಯಂದಿರು ಅದನ್ನು ರಾಗವಾಗಿ ಹಾಡಿ, ಮಗು ಗಳಗಳ ಅಳುವುದನ್ನು ನೋಡಿ, 'ಎಷ್ಟು ಕರುಣೆ ಐತೆ ನೋಡು ಮಗೀಗೆ' ಅಂತ ಹೆಮ್ಮೆ ಪಡುತ್ತಿದ್ದರು. ಈ ಕತೆಯನ್ನೇ ಇಟ್ಟುಕೊಂಡು ರವಿಶಂಕರ್ ಎಂಬುವರು ಅನಿಮೇಷನ್ ಚಿತ್ರ ಮಾಡಿದರು, 2020ರಲ್ಲಿ ಬಂತು. ಮಾತುಕತೆಯೆಲ್ಲ ಸಂಸ್ಕೃತದಲ್ಲಿ. ನಮ್ಮ ಹಸು ಸಂಸ್ಕೃತ ಕಲಿತುಬಿಟ್ಟಿತು ಅಂತ ನನಗೆ ಖುಷಿಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ತಂಗಿಯ ಗಂಡ ಬೇರೆ ದಾರಿ ಹಿಡಿಯುತ್ತಾನೆ. ಅವನು ವಿಮರ್ಶೆ ಓದುವುದಿಲ್ಲ, ವಿಮರ್ಶಕರ ಮಾತನ್ನೆಲ್ಲ ಒಟ್ಟು ಹಾಕುವ 'ರಾಟನ್ ಟೊಮೇಟೋಸ್' ವೆಬ್‌ಸೈಟ್ ತೆಗೆದು ಪರ್ಸೆಂಟೇಜ್ ನೋಡುತ್ತಾನೆ. ತೊಂಬತ್ತೈದು ಅಂತ ಕಂಡರೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಷ್ಟು ಸಂತೋಷ. ಎಪ್ಪತ್ತು ಅಂದರೆ 'ಸಾಧಾರಣ ಬಿಡಿ' ಅನ್ನುತ್ತಾನೆ. ಅದು ಸಿನಿಮಾಕ್ಕೆ ಕೊಟ್ಟ ಅಂಕ ಅಲ್ಲ. ನೂರು ವಿಮರ್ಶಕರಲ್ಲಿ ಎಷ್ಟು ಜನ 'ಪರವಾಗಿಲ್ಲ' ಅಥವಾ ಅದಕ್ಕಿಂತ ಮೇಲೆ ಹೇಳಿದರು ಅನ್ನುವ ಲೆಕ್ಕ. ಎಲ್ಲರೂ 'ಹೂಂ, ಒಂದ್ಸಲ ನೋಡಬಹುದು' ಅಂದರೂ ನೂರಕ್ಕೆ ನೂರೇ. ಇದನ್ನು ಅವನಿಗೆ ವಿವರಿಸಿ ಹೇಳಿದ್ದೇನೆ. "ಹಂಗಾದ್ರೆ ಎಲ್ರೂ ಪಾಸ್ ಅಂತ ಅಲ್ವಾ, ಸಾಕಲ್ಲ" ಅಂದ. ಮಂಡ್ಯದವರ ಜೊತೆ ವಾದ ಮಾಡುವುದು ಕಷ್ಟ.

ಸರ್ಕಾರವೂ ಒಂದು ಸಹಾಯ ಮಾಡಿದೆ. 2024ರ ಹೊಸ ಸೆನ್ಸಾರ್ ನಿಯಮದಲ್ಲಿ ದೊಡ್ಡವರ ನಿಗಾದಲ್ಲಿ ಮಕ್ಕಳು ನೋಡಬಹುದು ಅನ್ನುವ ಹಳೆಯ ಯುಎ ಸರ್ಟಿಫಿಕೇಟನ್ನು ವಯಸ್ಸಿನ ಪ್ರಕಾರ ಏಳು ಪ್ಲಸ್, ಹದಿಮೂರು ಪ್ಲಸ್, ಹದಿನಾರು ಪ್ಲಸ್ ಅಂತ ಮೂರು ಮಾಡಿದ್ದಾರೆ. ಒಳ್ಳೆಯದೇ. ಆದರೆ ಮಗುವಿಗೆ ಕತ್ತಲೆ ಕಂಡರೆ ಆಗುವುದಿಲ್ಲ, ನಾಯಿ ಕಂಡರೆ ಆಗುವುದಿಲ್ಲ, ನಾಯಿಗೆ ಏಟು ಬಿದ್ದರಂತೂ ಆಗುವುದೇ ಇಲ್ಲ. ಇದೆಲ್ಲ ಯಾವ ಪ್ಲಸ್ಸಿನಲ್ಲಿ ಬರುತ್ತದೆ?

ವಿಮರ್ಶಕರ ಮೇಲೆ ನನ್ನ ತಕರಾರು ಇಷ್ಟೇ. ಅವರು ಒಬ್ಬರೇ ಕೂತು ನೋಡುತ್ತಾರೆ. ಮಡಿಲಲ್ಲಿ ಮಗುವಿಲ್ಲ, ಪಕ್ಕದಲ್ಲಿ ಅತ್ತೆ ಇಲ್ಲ, ಕೈಯಲ್ಲಿ ನೀರಿನ ಬಾಟಲಿ ಇಲ್ಲ. ಆ ಸಿನಿಮಾವನ್ನು ನಾವು ನೋಡುವ ಬಗೆಯೇ ಬೇರೆ.

ಮೊದಲು ಸೀಟಿನ ವಿಷಯ. ಮಾಲ್‌ಗಳಲ್ಲಿರುವುದು ಮಡಚಿಕೊಳ್ಳುವ ಸೀಟು. ದೊಡ್ಡವರು ಕೂತರೆ ಕೆಳಗಿಳಿದು ನಿಲ್ಲುತ್ತದೆ. ಹದಿನೈದು ಕೇಜಿಯ ಮಗು ಹಿಂದಕ್ಕೆ ಸರಿದು ಒರಗಿದರೆ ಸೀಟು ಮೆಲ್ಲಗೆ ಮೇಲೆದ್ದು ಮಗುವನ್ನು ಮಧ್ಯಕ್ಕೆ ಮಡಚಿಕೊಂಡುಬಿಡುತ್ತದೆ. ಎರಡು ಮೊಣಕಾಲು ಗಲ್ಲಕ್ಕೆ ತಾಗುತ್ತವೆ, ನಡುವೆ ಪಾಪ್‌ಕಾರ್ನ್ ಡಬ್ಬ. ಮಗು ಅಳುವುದಿಲ್ಲ, ಅಷ್ಟರಲ್ಲಿ ಸಿನಿಮಾ ಶುರುವಾಗಿರುತ್ತದೆ. ಹಾಗೇ ಮಡಚಿಕೊಂಡೇ ನೋಡುತ್ತದೆ. ತಂಗಿ ಒಂದು ಕೈಯಿಂದ ಸೀಟಿನ ಅಂಚನ್ನು ಕೆಳಕ್ಕೆ ಒತ್ತಿ ಹಿಡಿದುಕೊಂಡೇ ಇಡೀ ಸಿನಿಮಾ ನೋಡುವುದನ್ನು ಕಂಡಿದ್ದೇನೆ. ಕೆಲವು ಕಡೆ ಮಕ್ಕಳಿಗೆ ಎತ್ತರದ ದಿಂಬು ಕೊಡುತ್ತಾರೆ. ಇಲ್ಲದ ಕಡೆ ಹ್ಯಾಂಡ್‌ಬ್ಯಾಗೇ ದಿಂಬು.

ಆಮೇಲೆ ತ್ರೀಡಿ ಕನ್ನಡಕ. ನಮ್ಮಮ್ಮ ತನ್ನ ಕನ್ನಡಕದ ಮೇಲೆ ಅದನ್ನು ಏರಿಸಿಕೊಳ್ಳುತ್ತಾಳೆ. ಮಗುವಿನ ಮೂಗಿಗೆ ಅದು ನಿಲ್ಲುವುದಿಲ್ಲ, ಎರಡು ಕೈಯಲ್ಲಿ ಹಿಡಿದುಕೊಂಡೇ ಇರಬೇಕು. ಹಿಡಿದುಕೊಂಡರೆ ಪಾಪ್‌ಕಾರ್ನ್ ತಿನ್ನಲು ಕೈ ಇಲ್ಲ. ಕೊನೆಗೆ ಕನ್ನಡಕ ತೆಗೆದಿಟ್ಟು, ಒಂದಕ್ಕೆರಡಾಗಿ ಕಾಣುವ ಸಿನಿಮಾವನ್ನೇ ನೋಡುತ್ತದೆ.

ಇನ್ನು ಇಂಟರ್ವಲ್. ಇಂಗ್ಲಿಷ್ ಅನಿಮೇಷನ್ ಚಿತ್ರಗಳು ಉದ್ದ ಇರುವುದಿಲ್ಲ. 1995ರ 'ಟಾಯ್ ಸ್ಟೋರಿ', ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ ಮೊದಲ ಕಥಾಚಿತ್ರ ಅದು, 81 ನಿಮಿಷ. 2024ರ 'ಇನ್‌ಸೈಡ್ ಔಟ್ 2' 96 ನಿಮಿಷ. ಮಾಡುವವರು ನಡುವೆ ಬಿಡುವು ಅಂತ ಇಟ್ಟಿರುವುದಿಲ್ಲ. ನಮ್ಮಲ್ಲಿ ಇಂಟರ್ವಲ್ ಇಲ್ಲದೆ ಸಮೋಸಾ ಮಾರುವುದು ಹೇಗೆ? ಹಾಗಾಗಿ ಎಲ್ಲೋ ಒಂದು ಕಡೆ ಕತ್ತರಿಸುತ್ತಾರೆ. ಯಾರೋ ಬಾಯಿ ತೆರೆದಿರುತ್ತಾರೆ, ಮಾತು ಇನ್ನೂ ಬಂದಿರುವುದಿಲ್ಲ, ದೀಪ ಹತ್ತಿಕೊಳ್ಳುತ್ತದೆ. "ಮುಗೀತಾ?" ಅನ್ನುತ್ತದೆ ಮಗು. ಮುಗಿದಿಲ್ಲ ಅಂತ ನಂಬಿಸಿ ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಿ ವಾಪಸ್ ಬರುವಷ್ಟರಲ್ಲಿ ಆ ಮಾತು ಆಡಿ ಆಗಿರುತ್ತದೆ. ವಿಮರ್ಶಕರು 'ಎರಡನೇ ಅರ್ಧ' ಅಂತ ಬರೆದಾಗೆಲ್ಲ ನನಗೆ ನಗು. ಆ ಅರ್ಧ ಮಾಡಿದ್ದು ನಿರ್ದೇಶಕನಲ್ಲ, ಕ್ಯಾಂಟೀನಿನವನು.

ವಿಮರ್ಶಕರ ಮೇಲೆಯೇ ಒಂದು ಒಳ್ಳೆಯ ಅನಿಮೇಷನ್ ಚಿತ್ರವಿದೆ, 2007ರ 'ರಾಟಟೂಯಿ'. ಪ್ಯಾರಿಸ್ಸಿನ ಹೋಟೆಲಿನಲ್ಲಿ ಇಲಿಯೊಂದು ಅಡುಗೆ ಮಾಡುವ ಕತೆ. ಅದರಲ್ಲಿ ಆಂಟನ್ ಈಗೋ ಅಂತ ಒಬ್ಬ ಊಟದ ವಿಮರ್ಶಕ. ಒಣಕಲು ಮನುಷ್ಯ. ಅವನು ಕೂತು ಬರೆಯುವ ಕೋಣೆಯನ್ನು ಶವಪೆಟ್ಟಿಗೆಯ ಆಕಾರದಲ್ಲೇ ಬರೆದಿದ್ದಾರೆ. ಇಲಿ ಮಾಡಿದ ತರಕಾರಿ ಪಲ್ಯವನ್ನು ಒಂದು ತುತ್ತು ಬಾಯಿಗಿಟ್ಟ ತಕ್ಷಣ ಅವನು ಮನೆಯ ಬಾಗಿಲಲ್ಲಿ ಮುಖ ಸಪ್ಪೆ ಮಾಡಿಕೊಂಡು ನಿಂತ ಪುಟ್ಟ ಹುಡುಗನಾಗುತ್ತಾನೆ, ಅಮ್ಮ ಅದೇ ಪಲ್ಯದ ತಟ್ಟೆ ಮುಂದಿಡುತ್ತಾಳೆ. ಇತ್ತ ಹೋಟೆಲಿನಲ್ಲಿ ಅವನ ಕೈಯಿಂದ ಪೆನ್ನು ಜಾರಿ ಬೀಳುತ್ತದೆ. ಸಿನಿಮಾ ವಿಮರ್ಶಕರೆಲ್ಲ ಈ ಚಿತ್ರವನ್ನು ಹೊಗಳಿದ್ದೇ ಹೊಗಳಿದ್ದು. ಹೊಗಳಲಿ. ಆದರೆ ಈಗೋ ಹೊಗಳಿ ಬರೆದ ಮೇಲೆ ಆ ಅಡುಗೆಮನೆಯಲ್ಲಿ ಇಲಿ ಇತ್ತು ಅಂತ ಗೊತ್ತಾಗಿ ಅವನ ಕೆಲಸ ಹೋಗುತ್ತದೆ. ಅದನ್ನು ಯಾರೂ ಜಾಸ್ತಿ ಬರೆಯುವುದಿಲ್ಲ.

ನನ್ನ ಕೇಳಿದರೆ ಈ ಸಿನಿಮಾಗಳಿಗೆ ಸರಿಯಾದ ವಿಮರ್ಶಕಿ ನಮ್ಮಮ್ಮ. ಅವಳದು ಮೇಲುಕೋಟೆ ಕಡೆ. 2025ರ ಜುಲೈ 25ರಂದು, ಭೀಮನ ಅಮಾವಾಸ್ಯೆಯ ಮಾರನೇ ದಿನ, 'ಮಹಾವತಾರ ನರಸಿಂಹ' ಬಂತಲ್ಲ, ಅಶ್ವಿನ್ ಕುಮಾರ್ ನಿರ್ದೇಶನದ್ದು. ಹೊಂಬಾಳೆಯವರು ಅರ್ಪಿಸಿದ ಚಿತ್ರ. ಆ ಸಂಸ್ಥೆಯ ವಿಜಯ್ ಕಿರಗಂದೂರು ಮಂಡ್ಯದ ಕಡೆಯವರಾದ್ದರಿಂದ ತಂಗಿಯ ಗಂಡ ಆ ವಾರ ಪರ್ಸೆಂಟೇಜ್ ನೋಡಲೇ ಇಲ್ಲ, ನೇರ ಟಿಕೆಟ್ ತೆಗೆದ. ಕೆಲವು ಊರುಗಳಲ್ಲಿ ಜನ ಚಪ್ಪಲಿ ಹೊರಗೆ ಬಿಟ್ಟು ಥಿಯೇಟರಿನೊಳಗೆ ಹೋದರು ಅಂತ ಸುದ್ದಿ ಬಂತು. ನಮ್ಮಮ್ಮ ಬಿಡಲಿಲ್ಲ. "ಕಳೆದೋದ್ರೆ ಯಾರು ಕೊಡ್ತಾರೆ?" ಅಂದಳು.

ಸಿನಿಮಾ ಮುಗಿದ ಮೇಲೆ ಅವಳ ವಿಮರ್ಶೆ. "ನಮ್ ಬೆಟ್ಟದ ಸ್ವಾಮಿ ಕಾಲಿಗೆ ಯೋಗಪಟ್ಟಿ ಕಟ್ಕೊಂಡು ತಣ್ಣಗೆ ಕೂತವ್ನೆ. ಇಲ್ಲಿ ಅದೇನವ್ವ ಅಷ್ಟೊಂದು ಸದ್ದು, ನನ್ ಕಿವಿ ಇನ್ನೂ ಗುಯ್ ಅಂತೈತೆ. ಹಿರಣ್ಯಕಶಿಪು ಅಂದ್ರೆ ರಾಜ್‌ಕುಮಾರೇ ಕಣವ್ವ." 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಅವರ ಮಗ ಪುನೀತ್ ಪ್ರಹ್ಲಾದ. ಅದನ್ನು ನೋಡಿದವರ ಹತ್ತಿರ ಬೇರೆ ಯಾವ ಹಿರಣ್ಯಕಶಿಪುವೂ ಪಾಸಾಗುವುದಿಲ್ಲ, ಕಂಪ್ಯೂಟರಿನವನಂತೂ ಬಿಡಿ. ಹೀಗೆಲ್ಲ ಬೈದು ಕೊನೆಗೆ, "ಮಗೀಗೆ ಕತೆ ಗೊತ್ತಾಯ್ತಲ್ಲ, ಮಾತೆಲ್ಲ ತಿಳೀತಲ್ಲ, ಇನ್ನೇನ್ ಬೇಕು" ಅಂತ ಪಾಸ್ ಮಾಡಿದಳು. ಮಾತೆಲ್ಲ ತಿಳಿದದ್ದು ಕನ್ನಡದಲ್ಲಿದ್ದದ್ದಕ್ಕೆ. ಕನ್ನಡಕ್ಕೆ ಡಬ್ಬಿಂಗ್ ಬೇಡ ಅನ್ನುವ ಕಟ್ಟುಪಾಡು ಎಷ್ಟೋ ವರ್ಷ ನಡೆಯಿತು. 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಯಾರೂ ಅಡ್ಡ ಬರದಂತೆ ನೋಡಿಕೊಳ್ಳುವ ಭಾರತದ ಸ್ಪರ್ಧಾ ಆಯೋಗ ಅದನ್ನು ತಪ್ಪು ಅಂದ ಮೇಲೆ ನಿಧಾನಕ್ಕೆ ಸಡಿಲವಾಯಿತು. ಡಬ್ಬಿಂಗಿನಿಂದ ನಮ್ಮ ಕಲಾವಿದರ ಕೆಲಸ ಹೋಗುತ್ತದೆ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಆದರೆ ಮೊಲ, ಮೀನು, ಬೊಂಬೆ ಮಾತಾಡುವ ಸಿನಿಮಾದಲ್ಲಿ ಯಾವ ನಟನ ಕೆಲಸ ಹೋಗುತ್ತಿತ್ತು ಅಂತ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಇಷ್ಟು ವರ್ಷ ಮೈಸೂರಿನ ಮಕ್ಕಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಕ್ಕರು. ಅಜ್ಜಿಯಂದಿರು ಮಕ್ಕಳು ನಕ್ಕಾಗ ನಕ್ಕರು.

ಮಾತೇ ಬೇಡ ಅನ್ನುವ ಚಿತ್ರವೂ ಇದೆ. ಲಾಟ್ವಿಯಾ ಅನ್ನುವ ಸಣ್ಣ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಮಾಡಿದ 'ಫ್ಲೋ' 2025ರಲ್ಲಿ ಆಸ್ಕರ್ ಗೆದ್ದಿತು. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ 'ಬ್ಲೆಂಡರ್' ತಂತ್ರಾಂಶದಲ್ಲಿ ಮಾಡಿದ್ದು. ಊರೆಲ್ಲ ಮುಳುಗುವ ಪ್ರವಾಹ, ಒಂದು ಕರಿಬೆಕ್ಕು, ಒಂದು ದೋಣಿ, ಜೊತೆಗೆ ನಾಲ್ಕಾರು ಪ್ರಾಣಿಗಳು. ಒಂದು ಮಾತೂ ಇಲ್ಲ. ನಮ್ಮಮ್ಮ ಟೀವಿ ಮುಂದೆ ಕಾಲು ಚಾಚಿ ಕೂತು, ನೀರು ಏರುವುದನ್ನು ನೋಡಿ, "ಕನ್ನಂಬಾಡಿ ಗೇಟ್ ಎಲ್ಲಾ ತೆಗ್ದಂಗೈತೆ" ಅಂದಳು. ಶ್ರೀರಂಗಪಟ್ಟಣದ ಹತ್ತಿರ ಹೊಳೆ ತುಂಬಿ ನಿಮಿಷಾಂಬ ದೇವಸ್ಥಾನದ ಮೆಟ್ಟಿಲು ಮುಳುಗುವುದನ್ನು ಕಂಡವಳು ಅವಳು. ಬೆಕ್ಕು ಒದ್ದೆಯಾದಾಗೆಲ್ಲ ಲೊಚಗುಟ್ಟಿದಳು. ಸಿನಿಮಾ ಮುಗಿಯುವವರೆಗೆ ಅಡುಗೆಮನೆ ಕಡೆ ತಿರುಗಲಿಲ್ಲ. ಐದಕ್ಕೆ ಐದು ಅಂತ ನಾನು ಬರೆದುಕೊಂಡೆ.

ವಿಮರ್ಶೆ ಹೀಗಾಯಿತು. ಸಿನಿಮಾ ಯಾವಾಗ ಬರುತ್ತದೆ ಅನ್ನುವ ಸುದ್ದಿಯ ಕತೆಯೇ ಬೇರೆ. ಅಮೆರಿಕದ ಮಕ್ಕಳಿಗೆ ಬೇಸಿಗೆ ರಜೆ ಜೂನಿನಲ್ಲಿ. ದೊಡ್ಡ ಚಿತ್ರಗಳೆಲ್ಲ ಅದಕ್ಕೆ ಸರಿಯಾಗಿ ಬರುತ್ತವೆ. 'ನೀಮೋ' ಮೇ 30ಕ್ಕೆ, 'ಟಾಯ್ ಸ್ಟೋರಿ 3' ಜೂನ್ 18ಕ್ಕೆ, 'ಇನ್‌ಸೈಡ್ ಔಟ್ 2' ಜೂನ್ 14ಕ್ಕೆ ಬಂದವು. ನಮ್ಮ ಮಕ್ಕಳು ಏಪ್ರಿಲ್, ಮೇ ಪೂರ್ತಿ 'ಬೋರು ಬೋರು' ಅಂತ ಮನೆಯಲ್ಲಿ ಉರುಳಾಡಿ, ಶಾಲೆ ಬಾಗಿಲು ತೆರೆದು, ಫೀಸು ಕಟ್ಟಿ, ಯೂನಿಫಾರಂ ಹೊಲಿಸಿ, ಪುಸ್ತಕಕ್ಕೆ ಬೈಂಡ್ ಹಾಕಿ ಲೇಬಲ್ ಅಂಟಿಸಿ ಮುಗಿಸುವ ಹೊತ್ತಿಗೆ ಸಿನಿಮಾ ಬರುತ್ತದೆ. ಆ ತಿಂಗಳು ಯಾವ ಅಪ್ಪನ ಜೇಬಿನಲ್ಲಿ ಮಾಲಿನ ಪಾಪ್‌ಕಾರ್ನಿಗೆ ದುಡ್ಡು ಇರುತ್ತದೆ ಹೇಳಿ.

ಅದಕ್ಕಿಂತ ಮಜಾ ಅಂದರೆ ಮುಂದಿನ ಭಾಗದ ಸುದ್ದಿ. ಪರದೆಯ ಮೇಲೆ ಓಡುವುದು ಸೆಕೆಂಡಿಗೆ 24 ಚಿತ್ರ. ಒಂದೂವರೆ ಗಂಟೆಗೆ 1,29,600 ಚಿತ್ರ. ಒಂದೊಂದರಲ್ಲೂ ಕೂದಲು, ನೀರು, ನೆರಳು, ಬಟ್ಟೆಯ ನಿರಿಗೆ ಎಲ್ಲವನ್ನೂ ಲೆಕ್ಕ ಹಾಕಿ ತೆಗೆಯಲು ಕಂಪ್ಯೂಟರಿಗೆ ಗಂಟೆಗಟ್ಟಲೆ ಬೇಕು. ಹಾಗಾಗಿ 'ಬರುತ್ತಿದೆ' ಅನ್ನುವ ಸುದ್ದಿಗೂ ಸಿನಿಮಾಕ್ಕೂ ನಡುವೆ ವರ್ಷಗಳು ಹೋಗುತ್ತವೆ. ಆದರೆ ಮಕ್ಕಳು ಕಾಯುತ್ತಾ ನಿಲ್ಲುತ್ತಾರಾ?

ನನ್ನ ಅಕ್ಕನ ಮಗ ಆರು ವರ್ಷದವನಿದ್ದಾಗ, 2004ರ 'ದಿ ಇನ್‌ಕ್ರೆಡಿಬಲ್ಸ್' ನೋಡಿದ. ಸಾಹಸ ಮಾಡುವ ಒಂದು ಮನೆತನದ ಕತೆ, ಅದರಲ್ಲಿ ಒಂದು ಎಳೆಮಗು. ಸಿನಿಮಾ ಮುಗಿಯುವಾಗ ಹೊಸ ಖಳನೊಬ್ಬ ನೆಲ ಸೀಳಿಕೊಂಡು ಎದ್ದು ಬರುತ್ತಾನೆ. ಮುಂದೇನಾಯ್ತು ಚಿಕ್ಕಮ್ಮ ಅಂತ ಅವನು ನನ್ನ ಪ್ರಾಣ ತಿಂದ. ಎರಡನೇ ಭಾಗ ಬಂದದ್ದು 2018ರಲ್ಲಿ. ಕತೆ ಸರಿಯಾಗಿ ಅದೇ ಜಾಗದಿಂದ, ಅದೇ ಖಳ ಎದ್ದು ನಿಂತಲ್ಲಿಂದ ಶುರು. ಆ ಎಳೆಮಗು ಇನ್ನೂ ಎಳೆಮಗುವೇ. ಇವನು ಮಾತ್ರ ಗಡ್ಡ ಬಿಟ್ಟುಕೊಂಡು ಇಂಜಿನಿಯರಿಂಗ್ ಹಾಸ್ಟೆಲಿನಿಂದ ಬಂದು, ನನ್ನ ಪಕ್ಕದ ಸೀಟಿನಲ್ಲಿ ಕಾಲು ಮಡಚಲು ಜಾಗ ಸಾಲದೆ ಕೂತಿದ್ದ.

2024ರಲ್ಲಿ ಮೂರನೇ ಭಾಗ ಮಾಡುತ್ತೇವೆ ಅಂತ ಸುದ್ದಿ ಬಂತು. ಬೆಂಗಳೂರಿನ ಆಫೀಸಿನಲ್ಲಿ ಕೂತು ಅದನ್ನು ಮನೆಯವರ ಗ್ರೂಪಿಗೆ ಹಾಕಿದ. 'ಚಿಕ್ಕಮ್ಮ, ಹೋಗೋಣ್ವಾ?' ಅಂತ ಕೇಳಿದ್ದ. ನಾನು ಉತ್ತರ ಬರೆಯುವಷ್ಟರಲ್ಲಿ ಅಕ್ಕ ಹಾಕಿದಳು: 'ಮೊದ್ಲು ಹುಡುಗಿ ನೋಡೋಕ್ ಹೋಗೋಣ ನಡಿ. ಅದು ಬರೋ ಹೊತ್ತಿಗೆ ನಿನ್ ಮಗೂನೇ ಕರ್ಕೊಂಡ್ ಹೋಗ್ಬೋದು.'