ಮಗುವಿಗೊಂದು ಪಥ್ಯ, ಮನೆಗೊಂದು ಊಟ

ಮಗುವಿನ ತೂಕ ಹೆಚ್ಚಾಗಿದೆ ಎಂದು ವೈದ್ಯರು ಹೇಳಿದ ಕೂಡಲೇ ಬಹಳಷ್ಟು ಮನೆಗಳಲ್ಲಿ ಮಗುವಿಗೆ ಮಾತ್ರ ಪಥ್ಯ ಶುರುವಾಗುತ್ತದೆ, ಉಳಿದವರ ಊಟ ತಿಂಡಿ ಎಂದಿನಂತೆಯೇ ಸಾಗುತ್ತದೆ. ಅಣ್ಣ ಸಣಕಲು, ಹಾಗಾಗಿ ಅವನ ಕೈಗೆ ಬಿಸ್ಕತ್ತಿನ ಪೊಟ್ಟಣ. ತಂಗಿ ದಪ್ಪ, ಹಾಗಾಗಿ ಅವಳ ಮುಂದೆ ಹೆಚ್ಚಿದ ಹಸಿ ತರಕಾರಿ. ಇಬ್ಬರೂ ಕೂತಿರುವುದು ಒಂದೇ ಸೋಫಾದ ಮೇಲೆ. ಅಣ್ಣ ಎದ್ದು ಹೋದ ಮೇಲೆ ಪೊಟ್ಟಣದ ತಳದಲ್ಲಿ ಉಳಿದ ಚೂರುಗಳನ್ನು ಅವಳು ಯಾರೂ ನೋಡದಂತೆ ಬಾಯಿಗೆ ಹಾಕಿಕೊಂಡರೆ ಅದನ್ನು ಹೊಟ್ಟೆಬಾಕತನ ಎನ್ನುವುದು ಅನ್ಯಾಯ. ಕಣ್ಣೆದುರೇ ಇಟ್ಟು ಬೇಡವೆಂದ ತಿನಿಸಿನ ಮೇಲೆ ಪುಟ್ಟ ಮಕ್ಕಳ ಆಸೆ ಮತ್ತಷ್ಟು ಹೆಚ್ಚುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕಿ ಲಿಯಾನ್ ಬರ್ಚ್ ಮತ್ತು ಅವರ ಸಹೋದ್ಯೋಗಿ 1999ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ.

ತೂಕ ಮಗುವಿನದ್ದಾದರೂ ಸಾಮಾನು ತರುವವರು, ಅಡುಗೆ ಮಾಡುವವರು, ತಡರಾತ್ರಿಯವರೆಗೆ ಟಿವಿ ಹಾಕಿಕೊಂಡು ಕೂರುವವರು ದೊಡ್ಡವರು. ಆದ್ದರಿಂದ ಏನೇ ಬದಲಾವಣೆ ತಂದರೂ ಅದು ಸಣಕಲು ಅಣ್ಣನನ್ನೂ ಸೇರಿಸಿಕೊಂಡು ಇಡೀ ಮನೆಗೆ ಅನ್ವಯಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸಕ್ಕರೆ ಮತ್ತು ಕರಿದ ತಿಂಡಿ ತೆಳ್ಳಗಿರುವವರಿಗೂ ಒಳ್ಳೆಯದನ್ನೇನೂ ಮಾಡುವುದಿಲ್ಲವಷ್ಟೆ.

ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ ಸಿಹಿ ಪಾನೀಯಗಳಿಂದ ಎನ್ನುತ್ತೇನೆ. 330 ಮಿಲಿಲೀಟರಿನ ಒಂದು ಕ್ಯಾನ್ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ದಿನದ ಒಟ್ಟು ಕ್ಯಾಲೊರಿಗಳಲ್ಲಿ ಇಂಥ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕೂ ಕೆಳಗಿಳಿದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ 1,600 ಕ್ಯಾಲೊರಿ ಬೇಕಾಗುವ ಮಗುವಿಗೆ ಆ ಶೇ. 10 ಎಂದರೆ 40 ಗ್ರಾಂ. ಒಂದೇ ಕ್ಯಾನ್‌ನಲ್ಲಿ ಲೆಕ್ಕ ಹೆಚ್ಚುಕಡಿಮೆ ಮುಗಿದುಹೋಯಿತು. ಆರೋಗ್ಯಕ್ಕೆ ಒಳ್ಳೆಯದೆಂದು ನಾವು ಕೊಡುವ ಹಣ್ಣಿನ ರಸದ ಸಕ್ಕರೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ, ಇಡೀ ಹಣ್ಣಿನದು ಸೇರುವುದಿಲ್ಲ. ಇವುಗಳನ್ನು ಮನೆಗೆ ತರದಿದ್ದರೆ ‘ಕುಡಿಯಬೇಡ’ ಎಂದು ದಿನವೂ ಗದರುವ ಪ್ರಸಂಗವೇ ಬರುವುದಿಲ್ಲ.

ಊಟದ ವಿಷಯದಲ್ಲಿ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳುವ ಕೆಲಸ ಹಂಚಿಕೆ ನನಗೆ ಬಹಳ ಹಿಡಿಸಿದೆ. ಏನು, ಯಾವಾಗ, ಎಲ್ಲಿ ಬಡಿಸಬೇಕು ಎಂಬುದು ದೊಡ್ಡವರ ತೀರ್ಮಾನ. ಅದರಲ್ಲಿ ಎಷ್ಟು ತಿನ್ನಬೇಕು ಎಂಬುದು ಮಗುವಿಗೆ ಬಿಟ್ಟದ್ದು. ‘ಇನ್ನೊಂದು ತುತ್ತು’ ಎಂದು ತುರುಕುವುದನ್ನೂ ‘ಸಾಕು, ಏಳು’ ಎಂದು ತಟ್ಟೆ ಕಸಿಯುವುದನ್ನೂ ಒಂದೇ ಮನೆಯಲ್ಲಿ, ಕೆಲವೊಮ್ಮೆ ಒಂದೇ ಊಟದಲ್ಲಿ ಕಾಣಬಹುದು. ಹೀಗಾದರೆ ತನ್ನ ಹೊಟ್ಟೆ ತುಂಬಿದೆಯೋ ಇಲ್ಲವೋ ಎಂಬುದನ್ನು ಗುರುತಿಸಲು ಮಗು ಕಲಿಯುವುದಾದರೂ ಹೇಗೆ?

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕು. ಆದರೆ ತೂಕ ಇಳಿಸಿಕೊಂಡು ಬಾ ಎಂದು ಮಗುವೊಂದನ್ನೇ ಹೊರಗೆ ಓಡಿಸಿ ತಾವು ಮೊಬೈಲ್ ಹಿಡಿದು ಕುಳಿತರೆ ಅದು ಎರಡು ದಿನವೂ ನಡೆಯದು. ಜೊತೆಗೆ ಆಡಬೇಕು, ಜೊತೆಗೆ ನಡೆಯಬೇಕು. ನಿದ್ದೆಯನ್ನಂತೂ ಯಾರೂ ಲೆಕ್ಕಕ್ಕೇ ಇಡುವುದಿಲ್ಲ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು, ಅದು ಕಡಿಮೆಯಾದರೆ ಹಸಿವು ಏರುಪೇರಾಗುತ್ತದೆ.

ಬೆಳಿಗ್ಗೆ ಎದ್ದೊಡನೆ ಮಗುವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವುದನ್ನು, ನೆಂಟರ ಮುಂದೆ ‘ಡುಮ್ಮಿ’ ಎಂದು ಮುದ್ದಿನಿಂದಲೇ ಆದರೂ ಕರೆಯುವುದನ್ನು ಇಂದೇ ನಿಲ್ಲಿಸಬಹುದು. ಮಕ್ಕಳು ಎತ್ತರ ಬೆಳೆಯುತ್ತಿರುವುದರಿಂದ ಎಷ್ಟೋ ಸಲ ತೂಕ ಇಳಿಯಬೇಕಾಗಿಯೇ ಇರುವುದಿಲ್ಲ, ಏರುವ ವೇಗ ತಗ್ಗಿದರೆ ಸಾಕಾಗುತ್ತದೆ. ಅದನ್ನು ವಯಸ್ಸು, ಲಿಂಗಕ್ಕೆ ತಕ್ಕ ಬೆಳವಣಿಗೆಯ ನಕ್ಷೆಯಲ್ಲಿ ನೋಡಿ ವೈದ್ಯರೇ ಹೇಳಬೇಕು. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ನೋಡುವ ದೊಡ್ಡವರ ಬಿಎಂಐ ಅಳತೆ ಮಕ್ಕಳಿಗೆ ಹೊಂದುವುದಿಲ್ಲ. ರಾತ್ರಿ ಜೋರು ಗೊರಕೆ, ಕತ್ತಿನ ಹಿಂಭಾಗದಲ್ಲಿ ತೊಳೆದರೂ ಹೋಗದ ಕಪ್ಪು, ಮಂಡಿ ಅಥವಾ ಸೊಂಟದ ಕೀಲಿನ ನೋವು ಕಂಡರೆ ಮನೆಯ ಬದಲಾವಣೆಗಳು ಫಲ ಕೊಡಲೆಂದು ಕಾಯದೆ ಮಕ್ಕಳ ತಜ್ಞರಿಗೆ ಬೇಗನೆ ತೋರಿಸಬೇಕು.