ಮನೆ ಕರೆಂಟಿಗೂ ಹೊತ್ತಿಗೊಂದು ದರ ಬೇಕೆ?

ಪರ

ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ ಪಾವಗಡದ ಸೋಲಾರ್ ಪಾರ್ಕು ಭರದಿಂದ ಕರೆಂಟು ಕೊಡುತ್ತಿರುತ್ತದೆ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್ ಸಾಮರ್ಥ್ಯ. ಸಂಜೆ ಏಳಕ್ಕೆ ಅಲ್ಲಿಂದ ಬರುವುದು ಸೊನ್ನೆ. ನಾವು ಮನೆ ಸೇರಿ ಒಂದೊಂದೇ ಸ್ವಿಚ್ ಹಾಕುವುದು ಆ ಹೊತ್ತಿಗೇ. ಆ ಕೊರತೆ ತುಂಬಲು ಶರಾವತಿಯ ನೀರು ಬೇಕು, ರಾಯಚೂರಿನ ಕಲ್ಲಿದ್ದಲು ಬೇಕು. ನೀರಿನ ಟರ್ಬೈನ್ ನಿಮಿಷಗಳಲ್ಲಿ ಏಳುತ್ತದೆ, ಕಲ್ಲಿದ್ದಲಿನ ಬಾಯ್ಲರ್ ಏಳುವುದಿಲ್ಲ. ಸಂಜೆಗೆ ಅದು ಬೇಕೆಂದರೆ ಮಧ್ಯಾಹ್ನವೂ ಅರ್ಧದಷ್ಟು ಹೊರೆಯಲ್ಲಿ ಉರಿಯುತ್ತಿರಬೇಕು. ಹಾಗೆ ಉರಿಸುತ್ತ, ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲೇ ಸೋಲಾರ್ ಘಟಕಗಳಿಗೆ ಉತ್ಪಾದನೆ ತಗ್ಗಿಸಿ ಎನ್ನುವ ಪರಿಸ್ಥಿತಿ ಬರುತ್ತದೆ.

ಉತ್ಪಾದನೆಗಿಂತ ಬೇಡಿಕೆ ಹೆಚ್ಚಾದರೆ ಗ್ರಿಡ್ಡಿನ ಆವರ್ತನ (ಫ್ರೀಕ್ವೆನ್ಸಿ) ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ; ಅದನ್ನು 49.90ರಿಂದ 50.05 ಹರ್ಟ್ಜ್ ನಡುವೆ ಇಡಬೇಕೆಂಬುದು ನಿಯಮ. ಬೇಡಿಕೆ ಏರಿದರೆ ಉತ್ಪಾದನೆ ಏರಿಸು, ಇಳಿದರೆ ಇಳಿಸು: ಗ್ರಿಡ್ ನಡೆಸುವ ಲೋಡ್ ಡಿಸ್ಪ್ಯಾಚ್ ಸೆಂಟರುಗಳು ಇಷ್ಟು ಕಾಲ ಮಾಡಿದ್ದು ಬಹುಪಾಲು ಇದನ್ನೇ. ಬಿಸಿಲು, ಗಾಳಿ ಅವರ ಮಾತು ಕೇಳುವುದಿಲ್ಲ. ಇನ್ನು ಬೇಡಿಕೆಯೂ ಸ್ವಲ್ಪ ಬಗ್ಗಬೇಕು. ಇದೇನು ಹೊಸ ಪ್ರಯೋಗವಲ್ಲ. ಪಂಪ್‌ಸೆಟ್‌ಗಳಿಗೆ ಕರೆಂಟು ಒಯ್ಯುವ ಲೈನುಗಳನ್ನು (ಫೀಡರ್) ಬೇರ್ಪಡಿಸಿ, ತ್ರೀಫೇಸ್ ಕರೆಂಟನ್ನು ಹಗಲಿಗೆ ತಂದ ಕಡೆಗಳಲ್ಲಿ ರೈತ ರಾತ್ರಿ ಬ್ಯಾಟರಿ ಹಿಡಿದು ಮೋಟಾರು ಹಾಕಲು ಹೋಗುವುದು ತಪ್ಪಿದೆ, ಬಿಸಿಲಿನ ಕರೆಂಟಿಗೂ ಗಿರಾಕಿ ಸಿಕ್ಕಿದ್ದಾನೆ.

2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತಂದ ತಿದ್ದುಪಡಿ ಮನೆಗಳಿಗೂ ಇದೇ ದಾರಿ ತೆರೆದಿದೆ. ಯಾವ ಹೊತ್ತಿಗೆ ಎಷ್ಟು ಬಳಕೆ ಎಂದು ದಾಖಲಿಸುವ ಸ್ಮಾರ್ಟ್ ಮೀಟರ್ ಇರುವಲ್ಲಿ ಸೌರ ಗಂಟೆಗಳ, ಅಂದರೆ ಬಿಸಿಲಿನ ಹೊತ್ತಿನ, ದರ ಮಾಮೂಲಿಗಿಂತ ಕನಿಷ್ಠ ಶೇ 20 ಕಡಿಮೆ, ಬೇಡಿಕೆ ಅತಿ ಹೆಚ್ಚಿರುವ ಪೀಕ್ ಹೊತ್ತಿನ ದರ ಮನೆಗಳಿಗೆ ಕನಿಷ್ಠ ಶೇ 10 ಹೆಚ್ಚು. ಕೃಷಿಗೆ ವಿನಾಯಿತಿ. ವಾಷಿಂಗ್ ಮೆಷಿನ್, ನೀರೆತ್ತುವ ಮೋಟಾರು, ಇವಿ ಚಾರ್ಜರ್, ಇವು ಮೂರು ಮಧ್ಯಾಹ್ನಕ್ಕೆ ಸರಿದರೂ ಸಾಕು, ಸಂಜೆಗೆಂದೇ ಕಟ್ಟಬೇಕಾದ ಎಷ್ಟೋ ಘಟಕಗಳ ಖರ್ಚು ಉಳಿಯುತ್ತದೆ.

ಮನೆಗಳ ಪಾಲು ಎಷ್ಟು ಮಹಾ ಎನ್ನುವವರು 2020ರ ಏಪ್ರಿಲ್ 5ರ ರಾತ್ರಿಯನ್ನು ನೆನೆಯಲಿ. ಒಂಬತ್ತು ಗಂಟೆಗೆ ಒಂಬತ್ತು ನಿಮಿಷ ದೀಪ ಆರಿಸಿ ಎಂದು ಕೋವಿಡ್ ಲಾಕ್‌ಡೌನಿನಲ್ಲಿ ಪ್ರಧಾನಿ ಕೇಳಿಕೊಂಡಾಗ ದೇಶದ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಕುಸಿಯಿತು. ಅದೂ ಒಂದು ಪೈಸೆ ರಿಯಾಯಿತಿ ಇಲ್ಲದೆ.

ವಿರೋಧ

ಆ ಒಂಬತ್ತು ನಿಮಿಷದ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ಗ್ರಿಡ್ ನಿರ್ವಾಹಕರು ಮೊದಲೇ ಲೆಕ್ಕ ಹಾಕಿದ್ದು 12ರಿಂದ 14 ಸಾವಿರ ಮೆಗಾವ್ಯಾಟ್ ಇಳಿಯಬಹುದೆಂದು. ಇಳಿದದ್ದು ಅದರ ಎರಡು ಪಟ್ಟಿಗೂ ಹೆಚ್ಚು. ದಿನ, ಗಂಟೆ, ನಿಮಿಷ ಎಲ್ಲ ಮೊದಲೇ ಗೊತ್ತಿದ್ದು, ಜಲವಿದ್ಯುತ್ ಘಟಕಗಳನ್ನು ಅದಕ್ಕೆಂದೇ ಸಜ್ಜಾಗಿಟ್ಟಿದ್ದರಿಂದ ಬಚಾವಾದೆವು. ಜನ ಹೇಗೆ ವರ್ತಿಸುತ್ತಾರೆಂದು ಒಂದು ರಾತ್ರಿಯ ಮಟ್ಟಿಗೂ ಊಹಿಸಲಾಗದಿದ್ದಾಗ, ದಿನಾ ದರದ ಚಾಟಿ ಬೀಸಿ ಕೋಟಿಗಟ್ಟಲೆ ಮನೆಗಳನ್ನು ಹದದಲ್ಲಿಡುತ್ತೇವೆ ಎನ್ನುವುದು ತೀರಾ ಧೈರ್ಯದ ಮಾತು. ರಾತ್ರಿ ಹತ್ತಕ್ಕೆ ದರ ಇಳಿಯುತ್ತದೆ ಅಂದುಕೊಳ್ಳಿ. ಟೈಮರ್ ಇಟ್ಟ ಇವಿ ಚಾರ್ಜರುಗಳೆಲ್ಲ ಹತ್ತು ಹೊಡೆದ ಕ್ಷಣವೇ ಎದ್ದರೆ? ಹಳೆಯ ಪೀಕ್ ಹೋಗಿ, ಅದಕ್ಕಿಂತ ಕಡಿದಾದ ಹೊಸ ಪೀಕ್ ಹುಟ್ಟುತ್ತದೆ. ಮೊದಲು ಸುಡುವುದು ಬೀದಿಯ ಟ್ರಾನ್ಸ್‌ಫಾರ್ಮರ್.

ಇನ್ನು ಲಾಭ ಯಾರಿಗೆ ಎಂಬ ಪ್ರಶ್ನೆ. ಬೆಂಗಳೂರಿನ ಬೆಳಗಿನ ಪೀಕ್‌ನಲ್ಲಿ ಗೀಸರಿನ ಪಾಲು ದೊಡ್ಡದು. ಎಂಟಕ್ಕೆ ಶಾಲೆಯ ಬಸ್ ಹತ್ತಬೇಕಾದ ಮಗು ಸೌರ ಗಂಟೆ ಬರಲೆಂದು ಸ್ನಾನಕ್ಕೆ ಕಾಯುತ್ತದೆಯೇ? ಗಾರ್ಮೆಂಟ್ಸ್ ಕೆಲಸ ಮುಗಿಸಿ ಏಳಕ್ಕೆ ಮನೆಗೆ ಬರುವಾಕೆ ಮಧ್ಯಾಹ್ನ ಬಟ್ಟೆ ಒಗೆಯುವುದು ಹೇಗೆ? ಬಗ್ಗಲು ಆಗುವುದು ಹಗಲಲ್ಲಿ ಮನೆಯಲ್ಲೇ ಇರುವವರಿಗೆ, ಟೈಮರ್ ಇರುವ ಯಂತ್ರ ಕೊಂಡವರಿಗೆ. ಬಗ್ಗಲಾಗದವರು ದಂಡ ಕಟ್ಟಬೇಕು. ಇದಕ್ಕೆಲ್ಲ ಮೊದಲು ಸ್ಮಾರ್ಟ್ ಮೀಟರ್ ಬೇಕು. ಹೊಸ ಸಂಪರ್ಕಗಳಿಗೆ ಅದರ ಬೆಲೆಯನ್ನು ಗ್ರಾಹಕರ ಮೇಲೆ ಹೊರಿಸಿದ್ದಕ್ಕೆ 2025ರಲ್ಲಿ ನಮ್ಮಲ್ಲಿ ಎಷ್ಟು ಗದ್ದಲವಾಯಿತೆಂದು ಮರೆತಿಲ್ಲ ತಾನೆ?

ಅದೂ ಹೋಗಲಿ. ಗೃಹಜ್ಯೋತಿಯಲ್ಲಿ ಮನೆಯ ಸರಾಸರಿ ಬಳಕೆ, ಅದರ ಮೇಲೆ ಒಂದಿಷ್ಟು, ಒಟ್ಟು 200 ಯೂನಿಟ್‌ವರೆಗೆ ಉಚಿತ. ಸೊನ್ನೆ ಬಿಲ್ಲಿನಲ್ಲಿ ಶೇ 20 ರಿಯಾಯಿತಿ ಎಂದರೂ ಸೊನ್ನೆಯೇ, ಶೇ 10 ಹೆಚ್ಚಳ ಎಂದರೂ ಸೊನ್ನೆಯೇ. ಉಚಿತ ಯೋಜನೆ ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಅದು ಇರುವಷ್ಟು ಕಾಲ ಆ ಮನೆಗಳಿಗೆ ದರದ ಮಾತು ಕೇಳಿಸುವುದಿಲ್ಲ, ಅಷ್ಟೇ.

ಪಂಪ್‌ಸೆಟ್ ಉದಾಹರಣೆ ಕೊಟ್ಟರಲ್ಲ, ಅಲ್ಲಿ ಕೆಲಸ ಮಾಡಿದ್ದು ದರವೇ ಅಲ್ಲ. ಫೀಡರನ್ನು ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂದು ವಿದ್ಯುತ್ ಸರಬರಾಜು ಕಂಪನಿ (ಎಸ್ಕಾಂ) ತೀರ್ಮಾನಿಸಿತು, ರೈತ ಗಡಿಯಾರ ನೋಡಿ ಲೆಕ್ಕ ಹಾಕಲಿಲ್ಲ. ಹಾಗೆಯೇ ಒಂದೆಡೆ ನಿಂತು ಹತೋಟಿ ಮಾಡಬಹುದಾದ ದೊಡ್ಡ ಹೊರೆಗಳು ಇನ್ನೂ ಇವೆ. ಕಾವೇರಿ ನೀರು ಬೆಂಗಳೂರಿಗೆ ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪಾಗಿ. ಆ ಪಂಪುಗಳಲ್ಲಿ ಸಂಜೆ ಎಷ್ಟನ್ನು ತಗ್ಗಿಸಬಹುದು, ಅದಕ್ಕೆ ಇನ್ನೆಷ್ಟು ದೊಡ್ಡ ಜಲಾಗಾರ ಬೇಕು ಎಂಬ ಲೆಕ್ಕ ಮೊದಲು ಆಗಲಿ. ಕೋಲ್ಡ್ ಸ್ಟೋರೇಜು, ಮಾಲುಗಳ ಎಸಿ, ಟೆಕ್ ಪಾರ್ಕುಗಳ ಚಿಲ್ಲರ್ ಆಮೇಲೆ. ಸಬ್‌ಸ್ಟೇಷನ್ನಿನಲ್ಲಿ ಬ್ಯಾಟರಿ ಕೂರಿಸಿದರೆ ಅದನ್ನು ಯಾರೂ ಒಪ್ಪಿಸಬೇಕಿಲ್ಲ, ಹೇಳಿದ ಹೊತ್ತಿಗೆ ಹೇಳಿದಷ್ಟು ಕೊಡುತ್ತದೆ.

ಮನೆಗೆ ಕೈ ಹಾಕಲೇಬೇಕೆಂದರೆ ಇವಿ ಚಾರ್ಜರಿನಿಂದ ಶುರು ಮಾಡಲಿ. ಅದಕ್ಕೆ ಪ್ರತ್ಯೇಕ ಮೀಟರು, ಇಷ್ಟವಿದ್ದವರಿಗೆ ಮಾತ್ರ ಕಡಿಮೆ ದರ, ಎಲ್ಲವೂ ಒಟ್ಟಿಗೇ ಏಳದಂತೆ ಎಸ್ಕಾಂ ಕಡೆಯಿಂದಲೇ ಸರದಿ. ಅಲ್ಲಿ ಬಂದ ಅಂಕಿಅಂಶ ಮುಂದಿಟ್ಟ ಮೇಲೆ ಗೀಸರಿನ ವಿಷಯ ಮಾತಾಡೋಣ.